ತಪ್ಪಿದ್ದರೆ ತೋರಿಸಿ

ಭಾನುವಾರ ಪುರವಣಿ ಹೊರಬಿದ್ದರೆ ಸೋಮವಾರ ಬೆಳಿಗ್ಗೆ ಫೋನು ಬರುವುದು ರೂಢಿ. ಕೆಲವು ವರ್ಷಗಳ ಹಿಂದಿನ ಅಂಥದ್ದೊಂದು ಫೋನು ಇನ್ನೂ ಕಿವಿಯಲ್ಲಿದೆ. ಆ ಕಡೆಯಿಂದ ಹೆಂಗಸಿನ ದನಿ. ಊರಿನ ಹೆಸರು ಹೇಳಿದರು, ತಮ್ಮ ಹೆಸರು ಹೇಳಲಿಲ್ಲ. "ನಿನ್ನೆ ಹಾಕಿದ್ರಲ್ಲ, ಗಡ್ಡೆ ಕರಗಿಸೋ ಔಷಧಿ, ಅದು ಬೆಂಗಳೂರಲ್ಲಿ ಎಲ್ಲಿ ಸಿಗತ್ತೆ? ನಮ್ಮನೆಯವರಿಗೆ ಬೇಕಿತ್ತು."

ನಾನು ಬರೆದದ್ದು ಸುಳ್ಳಾಗಿರಲಿಲ್ಲ. ಹೊರದೇಶದ ಪ್ರಯೋಗಾಲಯವೊಂದರಲ್ಲಿ ಗಡ್ಡೆ ಕರಗಿದ್ದು ನಿಜ, ಹೆಸರಾಂತ ಜರ್ನಲ್ಲಿನಲ್ಲಿ ಅದು ಪ್ರಕಟವಾಗಿದ್ದೂ ನಿಜ. ಆದರೆ ಕರಗಿದ್ದು ಇಲಿಯ ಗಡ್ಡೆ. 'ಇಲಿ' ಎಂಬ ಎರಡಕ್ಷರ ನನ್ನ ಬರಹದ ಏಳನೇ ಪ್ಯಾರಾದಲ್ಲಿ ಮುದುರಿಕೊಂಡಿತ್ತು. ಶೀರ್ಷಿಕೆಯಲ್ಲಿ ಅದಕ್ಕೆ ಜಾಗ ಸಿಕ್ಕಿರಲಿಲ್ಲ. ಆಕೆಗೆ ಅದನ್ನು ಯಾವ ಮಾತಿನಲ್ಲಿ ಹೇಳಿದೆನೋ ಮರೆತಿದೆ. ಹೇಳಿದ ಮೇಲೆ ಆ ಕಡೆ ಉಳಿದ ಮೌನ ಮರೆತಿಲ್ಲ.

"ವಿಜ್ಞಾನಿಗಳು ಕಂಡುಹಿಡಿದಿದ್ದಾರೆ" ಎಂದು ದಿನಕ್ಕೊಂದು ಸಲವಾದರೂ ಓದುತ್ತೇವೆ. ಕಾಫಿ ಒಳ್ಳೆಯದು ಎಂದು ಒಂದು ವಾರ, ಕೆಟ್ಟದ್ದು ಎಂದು ಮರುವಾರ. ಈ ಎಲ್ಲ ಸುದ್ದಿಗಳ ಬೇರು ಒಂದೇ: ಸಂಶೋಧನಾ ಪ್ರಬಂಧ. ಪ್ರಯೋಗಾಲಯಗಳ ಆಡುಮಾತಿನಲ್ಲಿ ಬರೀ 'ಪೇಪರ್'. ನಮ್ಮಲ್ಲಿ ಬಹುಪಾಲು ಮಂದಿ ಒಂದು ಪೇಪರನ್ನೂ ಕಣ್ಣಾರೆ ಕಂಡಿರುವುದಿಲ್ಲ. ಹಾಗಾಗಿ ಅದನ್ನು ಸುಪ್ರೀಂ ಕೋರ್ಟಿನ ತೀರ್ಪೆಂದು ತಿಳಿಯುತ್ತೇವೆ. ಹೋಲಿಸುವುದೇ ಆದರೆ ಅದು ಕೋರ್ಟಿಗೆ ಸಲ್ಲಿಸಿದ ಅರ್ಜಿ. "ನಾನು ಹೀಗೆ ಮಾಡಿದೆ, ಹೀಗೆ ಕಂಡಿತು. ಬೇಕಾದರೆ ನೀವೂ ಮಾಡಿ ನೋಡಿ. ತಪ್ಪಿದ್ದರೆ ತೋರಿಸಿ." ಜಗತ್ತಿನ ಅತ್ಯುತ್ತಮ ಪೇಪರಿನಲ್ಲೂ ಇರುವುದು ಇಷ್ಟೇ. ವಿಜ್ಞಾನದ ಬಲ ಇರುವುದು ಆ ಕೊನೆಯ ಎರಡು ಪದಗಳಲ್ಲಿ.

ಗುಟ್ಟಿನಿಂದ ಅಚ್ಚಿಗೆ

ಒಂದು ಕಾಲಕ್ಕೆ ವಿಜ್ಞಾನಿಗಳು ತಮ್ಮ ಶೋಧವನ್ನು ನಾಟಿ ವೈದ್ಯರು ಮದ್ದಿನ ಬೇರನ್ನು ಬಚ್ಚಿಟ್ಟಂತೆ ಬಚ್ಚಿಡುತ್ತಿದ್ದರು. 1610ರಲ್ಲಿ ಶನಿಗ್ರಹದ ಎರಡು ಬದಿಗೂ ಏನೋ ಅಂಟಿಕೊಂಡಂತೆ ಗೆಲಿಲಿಯೋಗೆ ಕಂಡಾಗ ಅವನು ಅದನ್ನು ನೇರ ಸಾರಲಿಲ್ಲ. ವಾಕ್ಯದ ಅಕ್ಷರಗಳನ್ನೆಲ್ಲ ಕಲಸುಮೇಲೋಗರ ಮಾಡಿ ಕಳಿಸಿದ. ಮುಂದೆ ಬೇರೆ ಯಾರಾದರೂ ಅದನ್ನೇ ಕಂಡರೆ "ನಾನು ಮೊದಲೇ ಹೇಳಿದ್ದೆ" ಎಂದು ಗಂಟು ಬಿಚ್ಚಿ ತೋರಿಸಬಹುದಲ್ಲ! ಸ್ಪ್ರಿಂಗಿನ ನಿಯಮ ಕಂಡುಕೊಂಡ ರಾಬರ್ಟ್ ಹುಕ್ ಕೂಡ 1676ರಲ್ಲಿ ಅದನ್ನು ಇಂಥದೇ ಅಕ್ಷರಗಂಟಿನಲ್ಲಿ ಕಟ್ಟಿಟ್ಟು, ಎರಡು ವರ್ಷ ಬಿಟ್ಟು ಬಿಚ್ಚಿದ.

ಈ ಗುಟ್ಟಿನ ಸಂತೆಗೆ ಬೆಳಕು ತಂದವನು ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್. ಯುರೋಪಿನ ಮೂಲೆಮೂಲೆಯಿಂದ ಅವನಿಗೆ ಪತ್ರಗಳು ಬರುತ್ತಿದ್ದವು. ಅವನ್ನೆಲ್ಲ ಸೇರಿಸಿ 1665ರ ಮಾರ್ಚ್ 6ರಂದು 'ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್' ಎಂಬ ಪತ್ರಿಕೆ ಹೊರಡಿಸಿದ. ಅದು ಇಂದಿಗೂ ಬರುತ್ತಿದೆ. ಅವನು ತಂದ ಲೆಕ್ಕಾಚಾರ ಸರಳ: ಗುಟ್ಟು ಬಿಟ್ಟುಕೊಡು, ಬದಲಿಗೆ ದಿನಾಂಕದ ಸಮೇತ ನಿನ್ನ ಹೆಸರು ಅಚ್ಚಾಗುತ್ತದೆ.

ಪೇಪರಿನ ಮೈಕಟ್ಟು ಆಮೇಲೆ ನಿಧಾನಕ್ಕೆ ರೂಪುಗೊಂಡಿತು. ಮೊದಲಿಗೆ ಸಾರಾಂಶ, ಪೀಠಿಕೆಯಲ್ಲಿ ಹಿಂದಿನವರು ಮಾಡಿದ್ದೇನು, ಆಮೇಲೆ ವಿಧಾನ, ಫಲಿತಾಂಶ, ಚರ್ಚೆ, ಕೊನೆಗೆ ಉಲ್ಲೇಖಗಳ ಪಟ್ಟಿ. ನಮ್ಮಂಥವರು ಸಾರಾಂಶ ಓದಿ ಚರ್ಚೆಯ ಕೊನೆಯ ಸಾಲಿಗೆ ನೆಗೆಯುತ್ತೇವೆ. ಪಳಗಿದವರು ನೇರ ವಿಧಾನಕ್ಕೆ ಹೋಗುತ್ತಾರೆ. ಅಡುಗೆಯ ರುಚಿಯ ಬಗ್ಗೆ ಯಾರು ಏನು ಬೇಕಾದರೂ ಹೇಳಬಹುದು. ಎಷ್ಟು ಬೇಳೆ, ಎಷ್ಟು ಉಪ್ಪು, ಎಷ್ಟು ಹೊತ್ತು ಬೇಯಿಸಿದ್ದು ಎಂದು ಬರೆದಿಟ್ಟಿದ್ದರೆ ಮಾತ್ರ ನಮ್ಮ ಒಲೆಯ ಮೇಲೆ ಪರೀಕ್ಷೆ ಮಾಡಬಹುದು.

ಅಚ್ಚಿಗೆ ಮೊದಲು ಇನ್ನೊಂದು ಬಾಗಿಲಿದೆ. ಅದೇ ವಿಷಯ ಬಲ್ಲ ಇಬ್ಬರು ಮೂವರಿಗೆ ಸಂಪಾದಕರು ಹಸ್ತಪ್ರತಿ ಕಳಿಸಿ ಅಭಿಪ್ರಾಯ ಕೇಳುತ್ತಾರೆ. ಇವರು ರೆಫರಿಗಳು, ಯಾರೆಂದು ಬರೆದವರಿಗೆ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. 1936ರಲ್ಲಿ ಐನ್‌ಸ್ಟೈನ್ ಮತ್ತು ನೇಥನ್ ರೋಸನ್ 'ಫಿಸಿಕಲ್ ರಿವ್ಯೂ' ಪತ್ರಿಕೆಗೆ ಒಂದು ಪ್ರಬಂಧ ಕಳಿಸಿದರು. ಗುರುತ್ವ ಅಲೆಗಳು ಇರಲಾರವು ಎಂಬುದು ಅದರ ತಾತ್ಪರ್ಯ. ಸಂಪಾದಕರು ಅದನ್ನು ರೆಫರಿಗೆ ತೋರಿಸಿದರು, ರೆಫರಿ ಪುಟಗಟ್ಟಲೆ ಆಕ್ಷೇಪ ಬರೆದರು. ಐನ್‌ಸ್ಟೈನ್ ಕೆಂಡವಾದರು. ಅಚ್ಚು ಹಾಕಿ ಎಂದು ಕಳಿಸಿದ್ದೇ ಹೊರತು ಬೇರೆಯವರಿಗೆ ತೋರಿಸಿ ಎಂದಲ್ಲ ಎಂದು ಬರೆದು ಪ್ರಬಂಧವನ್ನೇ ವಾಪಸ್ ಪಡೆದರು. ಆ ಅನಾಮಿಕ ರೆಫರಿ ಹೋವರ್ಡ್ ರಾಬರ್ಟ್‌ಸನ್. ತಪ್ಪು ಹಿಡಿದದ್ದರಲ್ಲಿ ಅವರೇ ಸರಿ. ಮರುವರ್ಷ ಬೇರೊಂದು ಪತ್ರಿಕೆಯಲ್ಲಿ ಆ ಪ್ರಬಂಧ ಬಂದಾಗ ಅದರ ತೀರ್ಮಾನ ತಲೆಕೆಳಗಾಗಿತ್ತು. 2015ರ ಸೆಪ್ಟೆಂಬರಿನಲ್ಲಿ ಲೈಗೋ ಯಂತ್ರಗಳು ಗುರುತ್ವ ಅಲೆಯನ್ನು ನಿಜವಾಗಿಯೂ ಹಿಡಿದವು. ಅದರ ಪೇಪರ್ ಪ್ರಕಟವಾದದ್ದು 'ಫಿಸಿಕಲ್ ರಿವ್ಯೂ ಲೆಟರ್ಸ್'ನಲ್ಲಿ, ಐನ್‌ಸ್ಟೈನ್ ಮುನಿಸಿಕೊಂಡ ಮನೆತನದ್ದೇ ಪತ್ರಿಕೆಯಲ್ಲಿ.

ಬೆಂಗಳೂರಿನ ಮಾರ್ಚ್ 16

ಫೆಬ್ರುವರಿ 28 ವಿಜ್ಞಾನ ದಿನ ಎಂದು ಶಾಲೆಯ ಮಕ್ಕಳಿಗೂ ಗೊತ್ತು. 1928ರ ಆ ದಿನ ಕಲ್ಕತ್ತಾದಲ್ಲಿ ಸಿ.ವಿ. ರಾಮನ್, ಕೆ.ಎಸ್. ಕೃಷ್ಣನ್ ಅವರ ಜೊತೆಗೂಡಿ ನಡೆಸಿದ್ದ ಕೆಲಸಕ್ಕೆ ಖಚಿತ ರೂಪ ಬಂತು. ಪಾದರಸದ ದೀಪದ ಒಂದೇ ಬಣ್ಣದ ಬೆಳಕನ್ನು ದ್ರವದ ಮೂಲಕ ಹಾಯಿಸಿದರೆ, ಚದುರಿ ಹೊರಬರುವ ಬೆಳಕಿನಲ್ಲಿ ಮೊದಲು ಇಲ್ಲದಿದ್ದ ಹೊಸ ಗೆರೆಗಳು ಕಂಡವು. ಬೆಳಕು ಅಣುವನ್ನು ತಟ್ಟಿ ಬರುವಾಗ ತುಸು ಶಕ್ತಿಯನ್ನು ಅಲ್ಲೇ ಬಿಟ್ಟು ಬಂದಿತ್ತು, ಕೆಲವೊಮ್ಮೆ ಅಲ್ಲಿಂದ ಎತ್ತಿಕೊಂಡೂ ಬಂದಿತ್ತು. ಎಷ್ಟು ಬಿಟ್ಟಿತು, ಎಷ್ಟು ತಂದಿತು ಎಂಬುದೇ ಆ ಅಣುವಿನ ಗುರುತು.

ಶಾಲೆಯಲ್ಲಿ ಹೇಳದ ತಾರೀಖು ಇನ್ನೊಂದಿದೆ: ಮಾರ್ಚ್ 16. ಆವತ್ತು ರಾಮನ್ ಬೆಂಗಳೂರಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯೆದುರು ನಿಂತು ಈ 'ಹೊಸ ವಿಕಿರಣ'ದ ಬಗ್ಗೆ ವಿವರವಾಗಿ ಮಾತಾಡಿದರು. ಮಾರ್ಚ್ 31ರಂದು ಆ ಉಪನ್ಯಾಸ 'ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್'ನಲ್ಲಿ ಅಚ್ಚಾಯಿತು. ಹೊರನಾಡಿನ ವಿಜ್ಞಾನಿಗಳಿಗೆ ಪ್ರತಿಗಳು ಅಂಚೆಯಲ್ಲಿ ಹೊರಟವು.

ಆ ಅವಸರಕ್ಕೆ ಅರ್ಥವಿತ್ತು. ಅದೇ ಫೆಬ್ರುವರಿಯಲ್ಲಿ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಸ್ಫಟಿಕಶಿಲೆಯಲ್ಲಿ ಇದೇ ವಿದ್ಯಮಾನ ಕಂಡಿದ್ದರು. ಅವರ ಪ್ರಬಂಧ ಬೆಳಕು ಕಂಡದ್ದು ಜುಲೈನಲ್ಲಿ. ಅಷ್ಟರಲ್ಲಿ ರಾಮನ್ ಬರೆದಿಟ್ಟ ವಿಧಾನ ಹಿಡಿದು ಬೇರೆಯವರು ಪರೀಕ್ಷೆಗೆ ಇಳಿದಿದ್ದರು. ಅಮೆರಿಕದ ಆರ್.ಡಬ್ಲ್ಯು. ವುಡ್ ಪ್ರಯೋಗ ಮಾಡಿ ನೋಡಿ, 'ನೇಚರ್' ಪತ್ರಿಕೆಗೆ ತಂತಿ ಕಳಿಸಿ ಸರಿಯೆಂದರು. ಬರ್ಲಿನ್ನಿನ ಪೀಟರ್ ಪ್ರಿಂಗ್‌ಸ್‌ಹೈಮ್ ಅದನ್ನು 'ರಾಮನ್ ಪರಿಣಾಮ' ಎಂದು ಕರೆದರು. ನೊಬೆಲ್ ಬಂದದ್ದು 1930ರಲ್ಲಿ. ಕಲ್ಕತ್ತಾದ ಮಾತನ್ನು ಕಲ್ಕತ್ತಾದವರೇ ಹೊಗಳಿಕೊಂಡಿದ್ದರೆ ಇದಾಗುತ್ತಿರಲಿಲ್ಲ. ಸಮುದ್ರದಾಚೆಯ ಅಪರಿಚಿತರು ತಮ್ಮದೇ ದೀಪ ಹಚ್ಚಿ ಅದೇ ಗೆರೆಗಳನ್ನು ಕಂಡರು. ಭೌತವಿಜ್ಞಾನಿಯ ಕುತೂಹಲವಾಗಿ ಹುಟ್ಟಿದ ಅದು ಇವತ್ತು ಔಷಧದ ಪುಡಿ ಅಸಲಿಯೋ ನಕಲಿಯೋ ನೋಡುವ ರಸಾಯನಶಾಸ್ತ್ರಜ್ಞರ, ಹವಳ ಮಾಣಿಕ್ಯ ಪರೀಕ್ಷಿಸುವ ರತ್ನಪರೀಕ್ಷಕರ ಕೈಯ ಉಪಕರಣ.

ಮೊಲದ ಕರುಳಿಗೆ ರೇಷ್ಮೆ ದಾರ

ಎಲ್ಲ ಪೇಪರಿಗೂ ಇಂಥ ಭಾಗ್ಯ ಇರುವುದಿಲ್ಲ. ಅದೇ ಕಲ್ಕತ್ತಾದಲ್ಲಿ ಮೂವತ್ತು ವರ್ಷಗಳ ನಂತರ ನಡೆದದ್ದು ಕೇಳಿ.

ಕಾಲರಾಕ್ಕೆ ಕಾರಣವಾದ ಬಾಗಿದ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಕ್ 1884ರಲ್ಲಿ ಕಲ್ಕತ್ತಾದಲ್ಲಿ ಗುರುತಿಸಿ ಖಚಿತಪಡಿಸಿದ್ದ. ಆದರೆ ಅದು ಮನುಷ್ಯನನ್ನು ಕೊಲ್ಲುವುದು ಹೇಗೆ? ಎಪ್ಪತ್ತು ವರ್ಷ ಸಂಶೋಧಕರು ಪ್ರಾಣಿಗಳ ರಕ್ತಕ್ಕೋ ಹೊಟ್ಟೆಯ ಪೊರೆಯೊಳಕ್ಕೋ ಬ್ಯಾಕ್ಟೀರಿಯಾ ಚುಚ್ಚಿ ನೋಡಿದರು. ಪ್ರಾಣಿಗಳು ಸತ್ತವು. ಆದರೆ ಅಕ್ಕಿ ತೊಳೆದ ನೀರಿನಂಥ ಭೇದಿ ಮಾತ್ರ ಆಗಲಿಲ್ಲ. ಅಂದರೆ ಅದು ಕಾಲರಾ ಆಗಿರಲಿಲ್ಲ.

ರೋಗವಿಜ್ಞಾನಿ ಶಂಭುನಾಥ್ ದೇ ಕರುಳಿನ ರೋಗವನ್ನು ಕರುಳಿನಲ್ಲೇ ಹುಡುಕಿದರು. ಮೊಲದ ಹೊಟ್ಟೆ ತೆರೆದು, ಸಣ್ಣ ಕರುಳಿನ ಒಂದು ತುಂಡಿಗೆ ಎರಡೂ ಬದಿಯಲ್ಲಿ ರೇಷ್ಮೆ ದಾರ ಕಟ್ಟಿ, ಆ ಮುಚ್ಚಿದ ಕೊಳವೆಯೊಳಕ್ಕೆ ಬ್ಯಾಕ್ಟೀರಿಯಾ ಬಿಟ್ಟು, ಹೊಟ್ಟೆ ಹೊಲಿದರು. ಮರುದಿನ ಬಿಚ್ಚಿ ನೋಡಿದರೆ ಆ ತುಂಡು ನೀರು ತುಂಬಿದ ಬಲೂನು. 1953ರಲ್ಲಿ ಇದನ್ನು ಪ್ರಕಟಿಸಿದರು. ಆಮೇಲೆ ಇನ್ನೊಂದು ಹೆಜ್ಜೆ. ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಸೋಸಿ, ಜೀವಿ ಒಂದೂ ಉಳಿಯದ ಹಾಗೆ ಮಾಡಿ, ಬರೀ ಆ ತಿಳಿಯನ್ನು ಕರುಳಿಗೆ ಬಿಟ್ಟರು. ಆಗಲೂ ಬಲೂನು. ಅಂದರೆ ಕೊಲ್ಲುವುದು ಬ್ಯಾಕ್ಟೀರಿಯಾ ಉಗುಳುವ ವಿಷ. ಅದು ಕರುಳಿನ ಗೋಡೆಯಿಂದ ದೇಹದ ನೀರನ್ನೆಲ್ಲ ಹೊರಕ್ಕೆ ಹರಿಸುತ್ತದೆ. 1959ರ ಮೇ ತಿಂಗಳಲ್ಲಿ 'ನೇಚರ್'ನಲ್ಲಿ ಇದು ಬಂತು. ಬರಹ ಪುಟ್ಟದು, ಉಪಕರಣ ಅಂತ ಹೇಳಿಕೊಳ್ಳುವಂಥದ್ದು ದಾರ ಮತ್ತು ಸೋಸುಕ.

ಕೂಡಲೇ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆದರೆ ವಿಧಾನ ಅಚ್ಚಾಗಿತ್ತಲ್ಲ, ಅದು ತನ್ನ ಪಾಡಿಗೆ ಕೆಲಸ ಮಾಡಿತು. ಒಬ್ಬೊಬ್ಬರಾಗಿ ಬೇರೆ ದೇಶಗಳವರು ಮೊಲದ ಕರುಳಿಗೆ ದಾರ ಕಟ್ಟಿದರು. 1969ರಲ್ಲಿ ಅಮೆರಿಕದಲ್ಲಿ ಫಿಂಕೆಲ್‌ಸ್ಟೈನ್ ಮತ್ತು ಲೋಸ್ಪಲೂಟೊ ಆ ವಿಷವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ವಿಷ ಕರುಳಿನ ಗೋಡೆಯನ್ನು ಹರಿದು ಹಾಕುವುದಿಲ್ಲ, ಸಕ್ಕರೆಯ ಜೊತೆ ಉಪ್ಪನ್ನು ಹೀರಿಕೊಳ್ಳುವ ದಾರಿ ರೋಗಿಯಲ್ಲೂ ತೆರೆದೇ ಇರುತ್ತದೆ ಎಂಬುದೂ ಆ ವರ್ಷಗಳಲ್ಲಿ ಸ್ಪಷ್ಟವಾಯಿತು. ಉಪ್ಪು ಸಕ್ಕರೆಯ ನೀರು ಕುಡಿಸಿದರೆ ಸಾಕು ಎನ್ನಲು ಅದೇ ಆಧಾರ. 1971ರ ಬಾಂಗ್ಲಾ ಯುದ್ಧದ ಹೊತ್ತಿಗೆ ಗಡಿಯ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡ್ರಿಪ್ ಬಾಟಲಿಗಳು ಮುಗಿದಾಗ ಡಾ. ದಿಲೀಪ್ ಮಹಲನಾಬಿಸ್ ಅದನ್ನೇ ಡ್ರಮ್ಮುಗಳಲ್ಲಿ ಕಲಸಿ ಕುಡಿಸಿದರು. ಶೇ 30ರ ಹತ್ತಿರವಿದ್ದ ಸಾವಿನ ಪ್ರಮಾಣ ಶೇ 3.6ಕ್ಕೆ ಇಳಿಯಿತು. ಇಂದು ಅಂಗನವಾಡಿಯಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣದ ಹಿಂದೆ ಇಂಥ ಹಲವು ಪೇಪರುಗಳ ಸಾಲಿದೆ.

ದೇ 1973ರಲ್ಲಿ ನಿವೃತ್ತರಾದರು. 1978ರಲ್ಲಿ ಸ್ವೀಡನ್ನಿನವರು ಕಾಲರಾ ಕುರಿತ ನೊಬೆಲ್ ವಿಚಾರಸಂಕಿರಣಕ್ಕೆ ಕರೆದಾಗ ಹೊರಜಗತ್ತಿಗೆ ಅವರ ನೆನಪಾಯಿತು. 1985ರಲ್ಲಿ ತೀರಿಕೊಂಡರು. ಅವರಿಗೆ ಮೀಸಲಾದ ಸಂಚಿಕೆಯನ್ನು ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ತಂದದ್ದು 1990ರಲ್ಲಿ. ಪ್ರಶಸ್ತಿಗಳು ಪೇಪರಿನ ಬೆಲೆಯನ್ನು ತಡವಾಗಿ ಹೇಳುತ್ತವೆ, ಎಷ್ಟೋ ಸಲ ಹೇಳುವುದೂ ಇಲ್ಲ. ಇನ್ನೊಬ್ಬರ ಕೈಯಲ್ಲಿ ಅದು ನಡೆಯಿತೇ ಎಂಬುದು ಮಾತ್ರ ಮೊದಲೇ ಹೇಳಿಬಿಡುತ್ತದೆ.

ರಂಗೋಲಿಗೆ ಒಗ್ಗದ ಐದು

ರಸಾಯನಶಾಸ್ತ್ರದ ಕಥೆಗೆ ಅಂಗಳಕ್ಕೆ ಬನ್ನಿ. ಚೌಕದ ಹಾಸುಬಿಲ್ಲೆಗಳನ್ನು ಜೋಡಿಸಿದರೆ ನೆಲ ಸಂದಿಲ್ಲದೆ ತುಂಬುತ್ತದೆ. ಮೂರು ಮೂಲೆ, ಆರು ಮೂಲೆಯವೂ ಸರಿ. ಸಮನಾದ ಐದು ಮೂಲೆಯ ಬಿಲ್ಲೆ ತನ್ನಿ, ಎಷ್ಟೇ ತಿರುಗಿಸಿ ಇಟ್ಟರೂ ಸಂದು ಉಳಿಯುತ್ತದೆ. ಹರಳುಗಳಲ್ಲಿ ಪರಮಾಣುಗಳು ಕೂರುವುದೂ ಹಾಗೆಯೇ, ಆದ್ದರಿಂದ ಐದರ ಸಮಮಿತಿ ಹರಳಿಗೆ ಅಸಾಧ್ಯ. ಪಠ್ಯಪುಸ್ತಕಗಳ ಅಲ್ಲಾಡದ ಮಾತು ಇದು.

1982ರ ಏಪ್ರಿಲ್ 8ರಂದು ಇಸ್ರೇಲಿನ ಡಾನ್ ಶೆಕ್ಟ್‌ಮನ್ ಅಮೆರಿಕದ ಪ್ರಯೋಗಾಲಯವೊಂದರಲ್ಲಿ ಅಲ್ಯುಮಿನಿಯಂ ಮತ್ತು ಮ್ಯಾಂಗನೀಸ್ ಬೆರೆಸಿ ಥಟ್ಟನೆ ತಣಿಸಿದ ಲೋಹವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರು. ಚುಕ್ಕಿಗಳು ವೃತ್ತಾಕಾರದಲ್ಲಿ ಹೊಳೆದವು. ಎಣಿಸಿದರೆ ಹತ್ತು. ನೋಟ್‌ಪುಸ್ತಕದಲ್ಲಿ ಅದನ್ನು ಬರೆದು ಮುಂದೆ ಮೂರು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ತಂಡದ ಮುಖ್ಯಸ್ಥರು ಪಠ್ಯಪುಸ್ತಕ ಕೈಗಿತ್ತರು, ಆಮೇಲೆ ತಂಡ ಬಿಡಲು ಹೇಳಿದರು. ಮೊದಲು ಕಳಿಸಿದ ಪತ್ರಿಕೆ ಹಸ್ತಪ್ರತಿ ವಾಪಸು ಮಾಡಿತು. 1984ರ ನವೆಂಬರಿನಲ್ಲಿ ಮೂವರು ಸಹಲೇಖಕರೊಡನೆ ಕೊನೆಗೂ ಪ್ರಬಂಧ ಅಚ್ಚಾಯಿತು.

ಎರಡು ನೊಬೆಲ್ ಪಡೆದಿದ್ದ ಲೈನಸ್ ಪಾಲಿಂಗ್ ಬಹಿರಂಗವಾಗಿ ಗೇಲಿ ಮಾಡಿದರು. 1994ರಲ್ಲಿ ತೀರಿಕೊಳ್ಳುವವರೆಗೂ ಒಪ್ಪಲಿಲ್ಲ. ಆದರೆ ಲೋಹ ಕರಗಿಸಿ ತಣಿಸಲು ಪಾಲಿಂಗರ ಅನುಮತಿ ಬೇಕಿರಲಿಲ್ಲ. ಪ್ರಬಂಧ ಬಂದ ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಚಟ್ಟೋಪಾಧ್ಯಾಯ, ಎಸ್. ರಂಗನಾಥನ್ ಮತ್ತು ಸಂಗಡಿಗರು ಅದೇ ಮಿಶ್ರಲೋಹ ಮಾಡಿ ತಮ್ಮ ಸೂಕ್ಷ್ಮದರ್ಶಕದಲ್ಲಿ ನೋಡಿ ಪೇಪರ್ ಬರೆದರು. ಬೇರೆ ದೇಶಗಳಲ್ಲೂ ಅದೇ ಆಯಿತು. ಕ್ರಮವಿದೆ, ಆದರೆ ಪುನರಾವರ್ತನೆಯಿಲ್ಲ. ಇಂಥ ಜೋಡಣೆಗೆ 'ಕ್ವಾಸಿಕ್ರಿಸ್ಟಲ್' ಎಂಬ ಹೆಸರು ನಿಂತಿತು. ಹರಳು ಎಂದರೇನು ಎಂಬ ವ್ಯಾಖ್ಯೆಯನ್ನೇ ತಿದ್ದಬೇಕಾಯಿತು. 2011ರ ರಸಾಯನಶಾಸ್ತ್ರದ ನೊಬೆಲ್ ಶೆಕ್ಟ್‌ಮನ್ ಅವರದಾಯಿತು. ದೊಡ್ಡವರ ಮಾತೇ ಕೊನೆಯಾಗಿದ್ದರೆ ಈ ಹರಳು ನೋಟ್‌ಪುಸ್ತಕದಲ್ಲೇ ಉಳಿಯುತ್ತಿತ್ತು.

ಹಸಿರು ಚುಕ್ಕಿ, ನೀಲಿ ಚುಕ್ಕಿ

ಈಗೀಗ ರೆಫರಿಗಳ ಬಾಗಿಲು ದಾಟುವ ಮೊದಲೇ ಪೇಪರನ್ನು ಎಲ್ಲರ ಮುಂದಿಡುವ ರೂಢಿ ಬೆಳೆದಿದೆ. 1991ರಲ್ಲಿ ಶುರುವಾದ 'ಆರ್ಕೈವ್' ಎಂಬ ಅಂತರ್ಜಾಲ ಭಂಡಾರ ಅದಕ್ಕೆ ದಾರಿ. ಇಂಥ ಪ್ರತಿಗೆ 'ಪ್ರಿಪ್ರಿಂಟ್' ಎನ್ನುತ್ತಾರೆ. 2018ರ ಜುಲೈನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಇಬ್ಬರು ಸಂಶೋಧಕರ ಪ್ರಿಪ್ರಿಂಟ್ ಅಲ್ಲಿಗೆ ಬಂದಾಗ ಜಗತ್ತು ಬೆಂಗಳೂರಿನತ್ತ ತಿರುಗಿತು. ಚಿನ್ನದೊಳಗೆ ಬೆಳ್ಳಿಯ ಅತಿಸೂಕ್ಷ್ಮ ಕಣಗಳನ್ನು ಹುದುಗಿಸಿದ ವಸ್ತು ಮೈನಸ್ 37 ಡಿಗ್ರಿ ಸೆಲ್ಸಿಯಸ್ಸಿನಲ್ಲೇ, ಸಾಮಾನ್ಯ ಒತ್ತಡದಲ್ಲಿ, ವಿದ್ಯುತ್ತಿಗೆ ಕಿಂಚಿತ್ತೂ ತಡೆಯೊಡ್ಡದ ಸೂಪರ್‌ಕಂಡಕ್ಟರ್ ಆಗುತ್ತದೆ ಎಂದು ಅದು ಹೇಳಿತ್ತು. 1911ರಲ್ಲಿ ಈ ಗುಣ ಮೊದಲು ಕಂಡ ಪಾದರಸವನ್ನು ಮೈನಸ್ 269ರ ಆಸುಪಾಸಿಗೆ ತಣಿಸಬೇಕಿತ್ತು ಎಂದರೆ ಸುದ್ದಿಯ ತೂಕ ಗೊತ್ತಾದೀತು.

ಎಲ್ಲರೂ ಹೇಳಿಕೆಯನ್ನು ನೋಡುತ್ತಿದ್ದಾಗ ಅಮೆರಿಕದ ಎಂಐಟಿಯಲ್ಲಿದ್ದ ಬ್ರಯನ್ ಸ್ಕಿನ್ನರ್ ಚುಕ್ಕಿಗಳನ್ನು ನೋಡಿದರು. ಬೇರೆ ಬೇರೆ ಕಾಂತಕ್ಷೇತ್ರದಲ್ಲಿ ಅಳೆದ ಸಾಲುಗಳು ಒಂದು ನಕ್ಷೆಯಲ್ಲಿದ್ದವು, ಒಂದು ಹಸಿರು, ಒಂದು ನೀಲಿ. ಯಾವ ಅಳತೆಯಲ್ಲೂ ಸಣ್ಣ ನಡುಕ ಇದ್ದೇ ಇರುತ್ತದೆ. ಇಂಗ್ಲಿಷಿನವರು ಇದಕ್ಕೆ ನಾಯ್ಸ್, ಗದ್ದಲ ಎನ್ನುತ್ತಾರೆ. ಎರಡು ದಿನ ಸುರಿದ ಮಳೆಯ ಪ್ರಮಾಣ ಒಂದೇ ಆಗಬಹುದು. ತಗಡಿನ ಮಾಡಿನ ಮೇಲೆ ಹನಿಗಳು ಬಡಿದ ಲಯ ಎರಡೂ ದಿನ ಒಂದೇ ಆಗಲಾರದು. ಸ್ಕಿನ್ನರ್ ಗಮನಿಸಿದ್ದು ಅದನ್ನೇ: ಹಸಿರು ಚುಕ್ಕಿಗಳ ನಡುಕ ನೀಲಿ ಚುಕ್ಕಿಗಳ ನಡುಕದ ಪಡಿಯಚ್ಚಿನಂತಿತ್ತು. ಆಗಸ್ಟಿನಲ್ಲಿ ಅವರು ಯಾರ ಮೇಲೂ ಆರೋಪ ಹೊರಿಸದೆ, ಇದು ಹೇಗೆ ಎಂದು ಕೇಳುವ ಪುಟ್ಟ ಟಿಪ್ಪಣಿ ಬರೆದರು. ಲೇಖಕರು ತಮ್ಮ ಫಲಿತಾಂಶದ ಪರ ನಿಂತರು. 2019ರ ಮೇನಲ್ಲಿ ಇನ್ನಷ್ಟು ಸಹಲೇಖಕರೊಡನೆ, ಹೆಚ್ಚಿನ ಅಳತೆಗಳೊಡನೆ ಪರಿಷ್ಕೃತ ಪ್ರತಿ ತಂದರು. ಆದರೂ ಆ ಫಲಿತಾಂಶ ಭೌತವಿಜ್ಞಾನದ ಒಪ್ಪಿತ ಸಂಗತಿಗಳ ಸಾಲಿಗೆ ಸೇರಿಲ್ಲ.

ಈ ಪ್ರಸಂಗವನ್ನು ಕೆಲವರು ಅವಮಾನ ಎಂದುಕೊಂಡರು. ನನಗೆ ಕಾಣುವುದೇ ಬೇರೆ. ಚುಕ್ಕಿಗಳನ್ನು ಅಚ್ಚು ಹಾಕಿದ್ದರಿಂದಲೇ ಪ್ರಶ್ನೆ ಹುಟ್ಟಲು ಸಾಧ್ಯವಾಯಿತು. ಬರೀ ಪತ್ರಿಕಾಗೋಷ್ಠಿ ಆಗಿದ್ದರೆ ನಾವು ಶಾಲು ಹೊದಿಸಿ ಮನೆಗೆ ಬರುತ್ತಿದ್ದೆವು.

ಇನ್ನೊಂದು ಫೆಬ್ರುವರಿ 28

ರಾಮನ್ ಗೆರೆಗಳನ್ನು ಕಂಡು ಸರಿಯಾಗಿ 70 ವರ್ಷಕ್ಕೆ, 1998ರ ಫೆಬ್ರುವರಿ 28ರ ಸಂಚಿಕೆಯಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ವೈದ್ಯಪತ್ರಿಕೆ ಒಂದು ಪ್ರಬಂಧ ಪ್ರಕಟಿಸಿತು. ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು 12 ಸಹಲೇಖಕರು ಬರೆದದ್ದು. ದಡಾರ, ಮಂಗನಬಾವು, ರುಬೆಲ್ಲಾಗಳಿಗೆ ಕೊಡುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರಬಹುದು ಎಂಬ ಅನುಮಾನ ಅದರಲ್ಲಿತ್ತು. ನೋಡಿದ ಮಕ್ಕಳು ಎಷ್ಟು? 12. ಲಸಿಕೆ ಪಡೆಯದ ಮಕ್ಕಳೊಂದಿಗೆ ಹೋಲಿಕೆ? ಇಲ್ಲ.

ಪ್ರಬಂಧ ನಂಟು ಸಾಬೀತಾಗಿಲ್ಲ ಎಂದೇ ಹೇಳಿತ್ತು. ಪತ್ರಿಕಾಗೋಷ್ಠಿ ಮತ್ತು ಶೀರ್ಷಿಕೆಗಳು ಉಳಿದದ್ದನ್ನು ಹೇಳಿದವು. ಇಂಗ್ಲೆಂಡಿನಲ್ಲಿ ಲಸಿಕೆ ಹಾಕಿಸಿಕೊಳ್ಳುವ ಮಕ್ಕಳ ಪ್ರಮಾಣ ಶೇ 80ರ ಆಸುಪಾಸಿಗೆ ಇಳಿಯಿತು, ಮಾಯವಾಗುತ್ತಿದ್ದ ದಡಾರ ಮರಳಿತು. ಬ್ರಯನ್ ಡೀರ್ ಎಂಬ ಪತ್ರಕರ್ತ ಬೆನ್ನು ಹತ್ತಿದ. ಲಸಿಕೆ ಕಂಪನಿಗಳ ವಿರುದ್ಧ ದಾವೆ ಹೂಡಲು ಸಜ್ಜಾಗಿದ್ದ ವಕೀಲರ ಕಡೆಯಿಂದ ವೇಕ್‌ಫೀಲ್ಡ್‌ಗೆ ಹಣ ಬಂದಿತ್ತು, ಮಕ್ಕಳ ದಾಖಲೆಗಳಿಗೂ ಪ್ರಬಂಧಕ್ಕೂ ತಾಳೆಯಿರಲಿಲ್ಲ ಎಂಬುದು ಒಂದೊಂದಾಗಿ ಹೊರಬಿತ್ತು. 2004ರಲ್ಲಿ ಹತ್ತು ಸಹಲೇಖಕರು ಆ ವ್ಯಾಖ್ಯಾನದಿಂದ ಹಿಂದೆ ಸರಿದರು. ಪತ್ರಿಕೆ ಪ್ರಬಂಧವನ್ನು ಪೂರ್ತಿ ಹಿಂಪಡೆದದ್ದು 2010ರ ಫೆಬ್ರುವರಿಯಲ್ಲಿ. ಅದೇ ವರ್ಷ ವೇಕ್‌ಫೀಲ್ಡ್ ವೈದ್ಯವೃತ್ತಿಯ ನೋಂದಣಿ ಕಳೆದುಕೊಂಡ. 2019ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನ 6,57,461 ಮಕ್ಕಳನ್ನು ಲೆಕ್ಕಕ್ಕೆ ತೆಗೆದುಕೊಂಡು ಲಸಿಕೆಯಿಂದ ಆಟಿಸಂ ಹೆಚ್ಚುವುದಿಲ್ಲ ಎಂದಿತು. 12 ಒಂದು ಕಡೆ, ಆರೂವರೆ ಲಕ್ಷ ಇನ್ನೊಂದು ಕಡೆ. ಆದರೂ ಗಾಳಿಮಾತಿನ ತಕ್ಕಡಿಯಲ್ಲಿ 12 ಇನ್ನೂ ತೂಗುತ್ತಿದೆ. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ಬೆಂಗಳೂರಿನಲ್ಲಿ ಚಾಲನೆ ಪಡೆದಾಗ ನಮ್ಮ ವಾಟ್ಸ್ಯಾಪ್‌ಗಳಲ್ಲೂ ಲಸಿಕೆಯ ಬಗ್ಗೆ ಬಗೆಬಗೆಯ ವದಂತಿ ಹರಿದದ್ದು ನೆನಪಿರಬಹುದು.

ತಪ್ಪು ತಿದ್ದಲು ಇಲ್ಲಿ 12 ವರ್ಷ ಹಿಡಿಯಿತು. ಕೋವಿಡ್ ಹೊತ್ತಿಗೆ ವೇಗ ಹೆಚ್ಚಿತ್ತು. 2020ರ ಮೇ 22ರಂದು ಅದೇ 'ಲ್ಯಾನ್ಸೆಟ್'ನಲ್ಲಿ, ಹೈಡ್ರಾಕ್ಸಿಕ್ಲೋರೋಕ್ವಿನ್ ಪಡೆದ ರೋಗಿಗಳಲ್ಲಿ ಸಾವು ಹೆಚ್ಚು ಎಂಬ ಪ್ರಬಂಧ ಬಂತು. ಮೂಲ ದಾಖಲೆ ತೋರಿಸಿ ಎಂದು ಜಗತ್ತಿನ ತಜ್ಞರು ಕೇಳಿದರು. ದಾಖಲೆ ಒದಗಿಸಿದ್ದ ಕಂಪನಿ ತೋರಿಸಲಿಲ್ಲ. ಜೂನ್ 4ಕ್ಕೆ ಪ್ರಬಂಧ ವಾಪಸು, ಬರೀ 13 ದಿನ. ಆ ಔಷಧದಿಂದ ಆಸ್ಪತ್ರೆಯ ರೋಗಿಗಳಿಗೆ ಲಾಭವಿಲ್ಲ ಎಂದು ಬ್ರಿಟನ್ನಿನ 'ರಿಕವರಿ' ಪರೀಕ್ಷೆ ಆಮೇಲೆ ಸರಿಯಾದ ದಾರಿಯಲ್ಲೇ ತೋರಿಸಿತು. ತೀರ್ಮಾನ ಒಪ್ಪತಕ್ಕದ್ದೇ ಇದ್ದರೂ ದಾಖಲೆ ತೋರಿಸದ ಪೇಪರಿಗೆ ವಿಜ್ಞಾನದಲ್ಲಿ ಜಾಗವಿಲ್ಲ.

ಹೀಗೆ ವಾಪಸಾಗುವುದಕ್ಕೆ 'ರಿಟ್ರಾಕ್ಷನ್' ಎನ್ನುತ್ತಾರೆ. 2023ರಲ್ಲಿ ಜಗತ್ತಿನಾದ್ಯಂತ ಹತ್ತು ಸಾವಿರಕ್ಕೂ ಹೆಚ್ಚು ಪೇಪರುಗಳು ವಾಪಸಾದವು. ಕಾರಣ ದೂರ ಹುಡುಕಬೇಕಿಲ್ಲ. ಕೆಲಸ ಸಿಗಲು ಪೇಪರ್ ಬೇಕು, ಬಡ್ತಿಗೆ ಪೇಪರ್ ಬೇಕು, ಅನುದಾನಕ್ಕೂ ಅದೇ. ಎಣಿಕೆಯೇ ಯೋಗ್ಯತೆಯಾದ ಕಡೆ ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಅಂಗಡಿಗಳು ತೆರೆದುಕೊಳ್ಳುತ್ತವೆ. ಮೋಸವಿಲ್ಲದ ಕಡೆಯೂ ಅವಸರವಿದೆ. 2012ರಲ್ಲಿ ಆಮ್‌ಜೆನ್ ಕಂಪನಿಯ ಸಂಶೋಧಕರು ಕ್ಯಾನ್ಸರಿಗೆ ಸಂಬಂಧಿಸಿದ 53 ಹೆಸರಾಂತ ಪ್ರಬಂಧಗಳನ್ನು ಮತ್ತೆ ಮಾಡಿ ನೋಡಲು ಹೊರಟಿದ್ದನ್ನು ವಿವರಿಸಿದರು. ಮೂಲದ ಮಾತು ನಿಂತದ್ದು 6ರಲ್ಲಿ ಮಾತ್ರ.

ಏಳನೇ ಪ್ಯಾರಾದ ಇಲಿ

ಹಾಗಾದರೆ ಓದುಗರು ಏನು ಮಾಡಬೇಕು? ಎಲ್ಲವನ್ನೂ ಅನುಮಾನಿಸಿ ಕೂರುವುದು ಎಲ್ಲವನ್ನೂ ನಂಬುವಷ್ಟೇ ಸೋಮಾರಿತನ. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ ತಿರುಗಿಸಿ ನೋಡುತ್ತೇವಲ್ಲ, ಅಷ್ಟು ಸಾಕು.

ಮೊದಲ ಪ್ರಶ್ನೆ, ಯಾರ ಮೇಲೆ ಮಾಡಿದ್ದು? ಗಾಜಿನ ತಟ್ಟೆಯ ಜೀವಕೋಶದ ಮೇಲೋ, ಇಲಿಯ ಮೇಲೋ, ಮನುಷ್ಯರ ಮೇಲೋ? ತಟ್ಟೆಯಿಂದ ಇಲಿಗೆ ಒಂದು ಹೊಳೆ, ಇಲಿಯಿಂದ ನಮಗೆ ಸಮುದ್ರ. ಎಷ್ಟು ಮಂದಿಯ ಮೇಲೆ, ಯಾರೊಂದಿಗೆ ಹೋಲಿಸಿ? ಕಷಾಯ ಕುಡಿದ ನೂರು ಜನರ ನೆಗಡಿ ವಾರದಲ್ಲಿ ಹೋಯಿತು ಎಂದರೆ ಏನೂ ತಿಳಿಯುವುದಿಲ್ಲ, ಕುಡಿಯದವರ ನೆಗಡಿಯೂ ವಾರದಲ್ಲಿ ಹೋಗುತ್ತದೆ. 'ಅಪಾಯ ಅರ್ಧಕ್ಕೆ ಇಳಿಕೆ' ಎಂದಿದ್ದರೆ ಯಾವುದರ ಅರ್ಧ ಎಂದು ಕೇಳಿ. ಸಾವಿರದಲ್ಲಿ ಇಬ್ಬರಿಗೆ ಬರುತ್ತಿದ್ದದ್ದು ಒಬ್ಬರಿಗೆ ಇಳಿದರೂ ಅದು ಅರ್ಧವೇ. ಯಾರ ದುಡ್ಡಿನಲ್ಲಿ ನಡೆದದ್ದು ಎಂಬುದು ಪೇಪರಿನ ಕೊನೆಯಲ್ಲಿ ಸಣ್ಣಕ್ಷರದಲ್ಲಿರುತ್ತದೆ. ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಕೊನೆಯದು: ಬೇರೆ ಯಾರಾದರೂ ಮಾಡಿ ನೋಡಿದರಾ?

ಪೇಪರನ್ನು ತೆರೆದು ನೋಡುವುದೇ ನಮ್ಮಲ್ಲಿ ಸುಲಭವಿರಲಿಲ್ಲ. ಸಾರಾಂಶ ಬಿಟ್ಟಿ, ಒಳಗೆ ಹೋಗಲು ಸಾವಿರಾರು ರೂಪಾಯಿ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ 'ಒಂದು ದೇಶ ಒಂದು ಚಂದಾ' ಯೋಜನೆಯಲ್ಲಿ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟು, ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ಜರ್ನಲ್ಲುಗಳ ಬಾಗಿಲು ತೆರೆಯಲಾಗಿದೆ. ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನ ಹುಡುಗಿಯೊಬ್ಬಳು ಈಗ ವಿಧಾನದ ಪುಟಕ್ಕೆ ನೇರ ಹೋಗಬಹುದು. ಮನೆಯಲ್ಲಿ ಕೂತು ಕನ್ನಡದಲ್ಲಿ ಓದುವವರಿಗೆ ಮಾತ್ರ ಈಗಲೂ ನನ್ನಂಥವರೇ ಕಿಟಕಿ. ಕಿಟಕಿಯ ಗಾಜು ಒರೆಸಿಡುವುದು ನಮ್ಮ ಪಾಲಿನ ಕೆಲಸ.

ಮೊನ್ನೆ ಇನ್ನೊಂದು ಅಂಥದೇ ಸುದ್ದಿ ಮೇಜಿಗೆ ಬಂತು, ಇನ್ನೊಂದು ಗಡ್ಡೆ, ಇನ್ನೊಂದು ಮದ್ದು. ಶೀರ್ಷಿಕೆ ಕೊಟ್ಟೆ: 'ಇಲಿಗಳಲ್ಲಿ ಗಡ್ಡೆ ಕುಗ್ಗಿಸಿದ ಔಷಧ, ಮನುಷ್ಯರ ಮೇಲೆ ಪರೀಕ್ಷೆ ಆಗಿಲ್ಲ.' ಪುಟ ವಿನ್ಯಾಸ ಮಾಡುವ ಗೆಳೆಯ ಮುಖ ಕಿವುಚಿದ. "ಇಷ್ಟುದ್ದ ಹಾಕಿದ್ರೆ ಯಾರು ಓದ್ತಾರೆ?" ಅವನು ಹೇಳಿದ್ದು ಸರಿ, ಓದಿದವರು ಕಡಿಮೆ. ಸೋಮವಾರ ಫೋನೂ ಬರಲಿಲ್ಲ.